ಪೇಷಂಟ್ ಜೊತೆ ಮಾತಾಡೋದನ್ನ ಜೂನಿಯರ್ ಡಾಕ್ಟರ್‌ಗಳಿಗೆ ಕಲಿಸೋದು ಹೇಗೆ? ಸ್ಲೈಡ್ ಹಾಕಿ ಸೋತೆ

ವಾರ್ಡ್‌ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಮೆಡಿಸಿನ್ ಡಿಪಾರ್ಟ್‌ಮೆಂಟಲ್ಲಿ ಪಾಠ ಮಾಡ್ತೀನಿ, ಈ ಸಲ ಇಂಟರ್ನ್‌ಗಳಿಗೆ ಕಮ್ಯುನಿಕೇಶನ್ ಸ್ಕಿಲ್ಸ್ ಹೇಳ್ಕೊಡೋದು ನನ್ನ ತಲೆಗೆ ಬಂದು ಬಿತ್ತು. ನಲವತ್ತು ಸ್ಲೈಡ್ ಮಾಡ್ಕೊಂಡು ಹೋದೆ. ಮುಖ ನೋಡಿ ಮಾತಾಡಿ, ಸರಳವಾಗಿ ಹೇಳಿ, ಅನುಕಂಪ ಇರ್ಲಿ, ಹೀಗೇ. ಅರ್ಧ ಕ್ಲಾಸ್ ಫೋನ್ ನೋಡ್ತಿತ್ತು, ಇನ್ನರ್ಧ ತೂಕಡಿಸ್ತಿತ್ತು. ನಾನಾಗಿದ್ರೂ ತೂಕಡಿಸ್ತಿದ್ದೆ ಬಿಡಿ.

ಮಾರನೇ ದಿನ ರೌಂಡ್ಸಲ್ಲಿ ಅದೇ ಬ್ಯಾಚಿನ ಹುಡುಗ ಒಬ್ಬ ಅಜ್ಜನ ಬೆಡ್ ಹತ್ರ ನಿಂತು "ನಿಮ್ದು ಕ್ರಿಯಾಟಿನಿನ್ ಜಾಸ್ತಿ ಆಗಿದೆ, ಅರ್ಥ ಆಯ್ತಾ?" ಅಂದ. ಅಂದ್ರೆ ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ. ಅಜ್ಜ "ಆಯ್ತು ಸಾರ್" ಅಂದ್ರು. ಅವನು ಮುಂದಿನ ಬೆಡ್ಡಿಗೆ ಹೋದ. ನಾನು ಆಮೇಲೆ ವಾಪಸ್ ಹೋಗಿ, ಅಜ್ಜಾ ಏನಂದ್ರು ಡಾಕ್ಟ್ರು ಅಂತ ಕೇಳಿದ್ರೆ "ಏನೋ ಜಾಸ್ತಿ ಆಗಿದ್ಯಂತೆ, ಒಳ್ಳೇದೇ ಅಲ್ವಾ, ಇಷ್ಟು ದಿನ ರಕ್ತ ಕಮ್ಮಿ ಅಂತಿದ್ರು" ಅಂದ್ರು!! ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಹುಡುಗ ಕೆಟ್ಟವನಲ್ಲ, ಓದೋದ್ರಲ್ಲಿ ಬ್ಯಾಚಿಗೇ ಮುಂದೆ. ಇದು ಹುಟ್ಟುಗುಣಾನಾ ಅಥ್ವಾ ನಿಜವಾಗ್ಲೂ ಕಲಿಸಬಹುದಾ? ಕಲಿಸಬಹುದು ಅಂದ್ರೆ ಹೇಗೆ?

ಸುಳ್ಳುಪೇಷಂಟ್:
ನಾನು ಡಾಕ್ಟರ್ ಅಲ್ಲ ಸರ್, ನಾಟಕದವನು. ಮೆಡಿಕಲ್ ಸ್ಟೂಡೆಂಟ್ಸ್‌ಗೆ ಪ್ರಾಕ್ಟೀಸ್ ಆಗ್ಲಿ ಅಂತ ಪೇಷಂಟ್ ಪಾತ್ರ ಮಾಡ್ತೀನಿ. ಇದೇನು ಹೊಸದಲ್ಲ, 1963ರಲ್ಲೇ ಹೊವರ್ಡ್ ಬ್ಯಾರೋಸ್ ಅನ್ನೋ ನ್ಯೂರಾಲಜಿಸ್ಟ್ ಶುರು ಮಾಡಿದ್ದು, ಆವಾಗ ಏನಪ್ಪಾ ಡಾಕ್ಟ್ರು ನಾಟಕ ಆಡಿಸ್ತಾರೆ ಅಂತ ಆಡ್ಕೊಂಡೋರೂ ಇದ್ರು.

ನಿಮ್ಮ ಸ್ಲೈಡ್‌ನಲ್ಲಿ ಇಲ್ಲದ್ದು ಏನು ಅಂದ್ರೆ, ಎದುರುಗಡೆ ಕೂತವನಿಗೆ ಆ ಕ್ಷಣ ಏನನ್ನಿಸ್ತು ಅನ್ನೋದು. ನನಗೆ ಕೊಡೋ ಸ್ಕ್ರಿಪ್ಟಲ್ಲಿ ಒಂದು ಗುಟ್ಟು ಇರುತ್ತೆ. ಉದಾಹರಣೆಗೆ ತಲೆನೋವು ಅಂತ ಬಂದಿದೀನಿ, ಆದ್ರೆ ನಿಜವಾದ ಭಯ ಅಣ್ಣನಿಗೆ ಬಂದಿದ್ದ ಬ್ರೈನ್ ಟ್ಯೂಮರ್ ನನಗೂ ಬಂತಾ ಅಂತ. ಸೂಚನೆ ಏನಪ್ಪಾ ಅಂದ್ರೆ, "ನಿಮಗೆ ಏನಾಗಿರ್ಬಹುದು ಅನ್ಸುತ್ತೆ" ಅಂತ ಕೇಳಿದ್ರೆ ಮಾತ್ರ ಬಾಯಿ ಬಿಡ್ಬೇಕು. ಎಷ್ಟೋ ಜನ ಕೇಳೋದೇ ಇಲ್ಲ, ವಾಂತಿ ಇದ್ಯಾ, ಕಣ್ಣು ಮಂಜಾಗುತ್ತಾ, ಜ್ವರ ಇದ್ಯಾ ಅಂತ ಪಟಪಟ ಕೇಳಿ ಎದ್ದು ಹೋಗ್ತಾರೆ. ಆಮೇಲೆ ನಾನು ಪಾತ್ರ ಬಿಟ್ಟು ಹೊರಗೆ ಬಂದು "ನೀವು ಬರ್ಕೊಳ್ಳೋಕೆ ತಲೆ ತಗ್ಗಿಸಿದ್ರಲ್ಲ, ಅಲ್ಲಿ ಅಣ್ಣನ ವಿಷಯ ಬಾಯಿಗೆ ಬಂದಿತ್ತು, ನುಂಗ್ಕೊಂಡೆ" ಅಂತೀನಿ. ಆಗ ಅವರ ಮುಖ ನೋಡ್ಬೇಕು ನೀವು. ಮೇಷ್ಟ್ರು ನೂರು ಸಲ ಹೇಳಿದ್ದು ತಲೆಗೆ ಹೋಗದೇ ಇದ್ದದ್ದು ಅವತ್ತು ಹೋಗುತ್ತೆ.

ವಿಡಿಯೋ ಮಾಡಿ ತೋರಿಸಿದ್ರೆ ಇನ್ನೂ ಒಳ್ಳೇದು. ಆದ್ರೆ ಎಲ್ಲರ ಮುಂದೆ ಹಾಕ್ಬೇಡಿ ಸರ್ ದಯವಿಟ್ಟು, ಒಬ್ಬ ಹುಡುಗಿ ಅತ್ಕೊಂಡು ಎದ್ದುಹೋಗಿದ್ದನ್ನ ನೋಡಿದೀನಿ.

ಹಳೇಸ್ಟೆತ್:
ಇದೆಲ್ಲ ಕೇಳೋಕೆ ಚಂದ. ಹೊರಗಡೆ ಎಂಬತ್ತು ಜನ ಕ್ಯೂ ನಿಂತಿರ್ತಾರೆ, ಒಬ್ಬೊಬ್ಬರನ್ನೂ ನಿಮ್ಮ ಭಯ ಏನು ಅಂತ ಕೇಳ್ತಾ ಕೂತ್ರೆ ರಾತ್ರಿ ಆದ್ರೂ ಓಪಿಡಿ ಮುಗಿಯಲ್ಲ. ಮಾತಾಡೋಕೆ ಬಿಟ್ರೆ ಜನ ನಿಲ್ಲಿಸಲ್ಲ ಸ್ವಾಮಿ, ಮೊಣಕಾಲಿಂದ ಶುರು ಮಾಡಿ ಮೊಮ್ಮಗನ ಮದುವೆವರೆಗೂ ಹೋಗ್ತಾರೆ. ನಮ್ಮ ಕಾಲದಲ್ಲಿ ಯಾರೂ ಕಲಿಸ್ಲಿಲ್ಲ, ಸೀನಿಯರ್ಸ್‌ನ ನೋಡ್ತಾ ನೋಡ್ತಾ ತಾನಾಗೇ ಬಂತು. ಮೂವತ್ತು ವರ್ಷ ಆಯ್ತು, ನನ್ನ ಪೇಷಂಟ್ಸ್ ಯಾರೂ ದೂರಿಲ್ಲ.

ನೈಟ್‌ಡ್ಯೂಟಿ:
@ಹಳೇಸ್ಟೆತ್ ಸರ್, ಬೇಜಾರು ಮಾಡ್ಕೋಬೇಡಿ, ಪೀಜಿ ಮಾಡ್ತಾ ಇರೋಳು, ನಿಮ್ಮಷ್ಟು ಅನುಭವ ಇಲ್ಲ. ಆದ್ರೆ "ಬಿಟ್ರೆ ನಿಲ್ಲಿಸಲ್ಲ" ಅನ್ನೋದನ್ನ ಅಳೆದು ನೋಡಿದಾರೆ ಸರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಡಾಕ್ಟ್ರುಗಳಿಗೆ ಅಡ್ಡ ಬಾಯಿ ಹಾಕ್ಬೇಡಿ ಅಂತ ಹೇಳಿ, ಪೇಷಂಟ್ ಎಷ್ಟು ಹೊತ್ತು ಮಾತಾಡ್ತಾರೆ ಅಂತ ಟೈಮ್ ನೋಡಿದ್ರು. 2002ರಲ್ಲಿ ಬಂದ ಪೇಪರ್. 335 ಜನದಲ್ಲಿ ಸರಾಸರಿ 92 ಸೆಕೆಂಡ್ ಅಷ್ಟೇ. ಐದು ನಿಮಿಷ ದಾಟಿದವರು ಬರೀ ಏಳು ಜನ, ಅವರು ಹೇಳಿದ್ದೂ ಬೇಕಾದ ವಿಷಯಾನೇ ಅಂತ ಡಾಕ್ಟ್ರುಗಳೇ ಒಪ್ಕೊಂಡ್ರು. ನಾವು ಎಷ್ಟು ಹೊತ್ತು ಬಿಡ್ತೀವಿ? 1984ರ ಅಮೆರಿಕದ ಸ್ಟಡೀಲಿ 18 ಸೆಕೆಂಡಿಗೆ ಬಾಯಿ ಹಾಕಿದ್ರು.

ಇನ್ನು ತಾನಾಗೇ ಬರುತ್ತೆ ಅನ್ನೋದು. ಬ್ರಿಟನ್ನಿನಲ್ಲಿ 160 ಕ್ಯಾನ್ಸರ್ ಡಾಕ್ಟ್ರುಗಳ ಮೇಲೆ ಒಂದು ಟ್ರಯಲ್ ಮಾಡಿದ್ರು, ಅದೂ 2002ರದ್ದೇ. ವರ್ಷ ಕಳೆದು ಅನುಭವ ಆದ ಮಾತ್ರಕ್ಕೆ ಪೇಷಂಟ್ ಜೊತೆ ಮಾತಾಡೋ ತೊಂದರೆಗಳು ಹೋಗಲ್ಲ ಅಂತ ಅದರಲ್ಲಿ ಬಂತು. ಮೂರು ದಿನದ ಕೋರ್ಸ್ ಮಾಡಿದವರು ಮಾತ್ರ ಸುಧಾರಿಸಿದ್ರು.

ಇನ್ನೊಂದು ನನಗೆ ತುಂಬ ಇಷ್ಟ ಆಗಿದ್ದು. ಕೊನೇಲಿ ನಾವು "ಬೇರೆ ಏನಾದ್ರೂ ತೊಂದ್ರೆ ಇದ್ಯಾ?" ಅಂತೀವಲ್ಲ, ಅದಕ್ಕೆ "ಇಲ್ಲ" ಅಂತಾನೇ ಉತ್ತರ ಬರೋದು, ಕೇಳೋ ರಾಗದಲ್ಲೇ ಬೇಡ ಅನ್ನೋದು ಕೇಳಿಸುತ್ತೆ. ಇಂಗ್ಲಿಷಲ್ಲಿ ಇಂಥ ಪ್ರಶ್ನೇಲಿ ಒಂದೇ ಒಂದು ಪದ ಬದಲಾಯಿಸಿ 2007ರಲ್ಲಿ ಟೆಸ್ಟ್ ಮಾಡಿದ್ರು, ಹೇಳ್ದೇ ಉಳ್ಕೊಂಡು ಹೋಗೋ ವಿಷಯಗಳು ಎಷ್ಟೋ ಕಮ್ಮಿ ಆದ್ವು. ಕನ್ನಡದಲ್ಲಿ ಯಾರಾದ್ರೂ ಅಳೆದಿದಾರೋ ಇಲ್ವೋ ಗೊತ್ತಿಲ್ಲ, ನಾನಂತೂ "ಇನ್ನೇನಿದೆ ಹೇಳಿ" ಅಂತ ಶುರು ಮಾಡ್ಕೊಂಡೆ. "ಇದ್ಯಾ" ಅಂದ್ರೆ ಬಾಗಿಲು ಹಾಕ್ದಂಗೆ, "ಏನಿದೆ" ಅಂದ್ರೆ ಏನೋ ಇದೆ ಅಂತ ನಾವೇ ಒಪ್ಕೊಂಡಂಗೆ. ಅರ್ಧ ಜನ ಕುರ್ಚಿ ಬಿಟ್ಟು ಎದ್ದಿರೋರು ಮತ್ತೆ ಕೂತ್ಕೋತಾರೆ.

@ವಾರ್ಡ್‌ಮೇಷ್ಟ್ರು ಸರ್, "ಅರ್ಥ ಆಯ್ತಾ" ಅನ್ನೋ ಪದಾನೇ ಬ್ಯಾನ್ ಮಾಡಿ. ಅದಕ್ಕೆ ಯಾರು ಇಲ್ಲ ಅಂತಾರೆ? "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು, ಮನೇಲಿ ಕೇಳಿದ್ರೆ ಹೇಗೆ ಹೇಳ್ತೀರ, ಒಂದ್ಸಲ ಹೇಳಿ" ಅಂತ ಕೇಳೋಕೆ ಕಲಿಸಿ. ತಪ್ಪಾದ್ರೆ ನಮ್ಮ ತಪ್ಪು ಅನ್ನೋ ಹಾಗೆ ಕೇಳ್ಬೇಕು, ಇಲ್ಲಾಂದ್ರೆ ಪೇಷಂಟ್‌ಗೆ ಓರಲ್ ಎಕ್ಸಾಮ್ ಥರ ಆಗುತ್ತೆ. ಇದನ್ನ ಟೀಚ್‌ಬ್ಯಾಕ್ ಅಂತಾರೆ.

ಕಾಯ್ತಾಕೂತವಳು:
ಪೇಷಂಟ್ ಕಡೆಯವಳಾಗಿ ಒಂದು ಮಾತು. ಅಮ್ಮನ ಬಯಾಪ್ಸಿ ರಿಪೋರ್ಟ್ ಬಂದ ದಿನ ಡಾಕ್ಟ್ರು ಕಾರಿಡಾರಲ್ಲಿ ನಡ್ಕೊಂಡು ಹೋಗ್ತಾನೇ "ಪಾಸಿಟಿವ್ ಬಂದಿದೆ, ನಾಳೆ ಬನ್ನಿ" ಅಂದ್ರು. ಅಮ್ಮ ಖುಷಿಯಾಗಿ ನನ್ನ ಕೈ ಹಿಡ್ಕೊಂಡ್ರು, ಪಾಸಿಟಿವ್ ಅಂದ್ರೆ ಒಳ್ಳೇದು ಅಂತ. ನನಗೆ ಗೊತ್ತಿತ್ತು ಆ ಪದದ ಅರ್ಥ, ಕ್ಯಾನ್ಸರ್ ಇದೆ ಅಂತ. ಮನೆಗೆ ಹೋಗೋ ದಾರಿ ಪೂರ್ತಿ ನಾನೇ ಹೇಳ್ಬೇಕಾ ಬೇಡ್ವಾ ಅಂತ ಒದ್ದಾಡಿದೆ.

ಆಮೇಲೆ ಇನ್ನೊಬ್ಬ ಡಾಕ್ಟರ್ ಹತ್ರ ಹೋದ್ವಿ. ಅವರು ಕುರ್ಚಿ ಎಳ್ಕೊಂಡು ಕೂತು, ಫೋನ್ ಉಲ್ಟಾ ಇಟ್ಟು, ಮೊದಲು ಕೇಳಿದ್ದು "ಇಲ್ಲಿವರೆಗೂ ನಿಮಗೆ ಏನೇನು ಹೇಳಿದಾರೆ ಅಮ್ಮಾ?" ಅಂತ. ಎಲ್ಲಾನೂ ಇವತ್ತೇ ಹೇಳ್ಲಾ, ಸ್ವಲ್ಪ ಸ್ವಲ್ಪ ಹೇಳ್ಲಾ ಅಂದ್ರು. ಹೇಳಾದ್ಮೇಲೆ ಒಂದು ನಿಮಿಷ ಸುಮ್ನೆ ಕೂತಿದ್ರು ಅಷ್ಟೇ. ಆ ಸುಮ್ನೆ ಕೂತಿದ್ದನ್ನ ಅಮ್ಮ ಈಗ್ಲೂ ನೆನೆಸ್ಕೋತಾರೆ. ಅವರು ಮೂಲದಲ್ಲೇ ಒಳ್ಳೆಯವರೋ, ಯಾರಾದ್ರೂ ಕಲಿಸಿದ್ರೋ ನನಗೆ ಗೊತ್ತಿಲ್ಲ.

ನೈಟ್‌ಡ್ಯೂಟಿ:
@ಕಾಯ್ತಾಕೂತವಳು ಓದಿ ಗಂಟಲು ಕಟ್ಟಿತು. ಅಮ್ಮ ಹೇಗಿದಾರೆ ಈಗ? ಅವರಿಗೆ ಯಾರೋ ಕಲಿಸಿರೋ ಚಾನ್ಸ್ ಇದೆ. ಏನು ಗೊತ್ತು ಅಂತ ಮೊದ್ಲು ಕೇಳು, ಎಷ್ಟು ತಿಳ್ಕೋಬೇಕು ಅಂತ ಕೇಳು, ಆಮೇಲೆ ಹೇಳು, ಹೇಳಿ ಸುಮ್ನಿರು, ಇದೇ ಕ್ರಮ ಸ್ಪೈಕ್ಸ್ ಅಂತ 2000ದಿಂದ ಕಲಿಸ್ತಾ ಇದಾರೆ, ಕೆಟ್ಟ ಸುದ್ದಿ ಹೇಳೋಕೆ ಅಂತಾನೇ.

ಸುಳ್ಳುಪೇಷಂಟ್:
ಕ್ರಮ ಇರ್ಲಿ, ಆದ್ರೆ ಬಾಯಿಪಾಠ ಮಾಡಿಸ್ಬೇಡಿ. "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಅಂತ ಗ್ರಾಂಥಿಕ ಕನ್ನಡದಲ್ಲಿ ಹೇಳಿ ತಕ್ಷಣ ಬೀಪಿ ಎಷ್ಟಿದೆ ಅಂತ ಕೇಳಿದವರು ಇದಾರೆ. ಅದಕ್ಕಿಂತ ಸುಮ್ನಿರೋದು ವಾಸಿ.

ಕಾಯ್ತಾಕೂತವಳು:
@ನೈಟ್‌ಡ್ಯೂಟಿ ಅಮ್ಮ ಚೆನ್ನಾಗಿದಾರೆ. ಥ್ಯಾಂಕ್ಸ್ ರೀ.

ವಾರ್ಡ್‌ಮೇಷ್ಟ್ರು (ಹತ್ತು ದಿನ ಆದ್ಮೇಲೆ):
ಅಪ್‌ಡೇಟ್. ಸ್ಲೈಡ್ ಎಲ್ಲ ಬಿಸಾಕಿದೆ. ಅದೇ ಹುಡುಗನ್ನ ಕರ್ಕೊಂಡು ಅಜ್ಜ ಫಾಲೋಅಪ್‌ಗೆ ಬಂದಾಗ ಕೂರಿಸಿದೆ, ಎರಡೇ ರೂಲ್: ಮೊದಲ ಎರಡು ನಿಮಿಷ ಬಾಯಿ ಬಿಡ್ಬಾರ್ದು, "ಅರ್ಥ ಆಯ್ತಾ" ಅನ್ನಬಾರ್ದು. ಪಾಪ ಹುಡುಗ ತುಟಿ ಕಚ್ಕೊಂಡು ಕೂತಿದ್ದ. ಅಜ್ಜ ಒಂದೂಕಾಲು ನಿಮಿಷದಲ್ಲಿ ಮುಗಿಸಿಬಿಟ್ರು. ಆಮೇಲೆ ಇವನು "ಇನ್ನೇನಿದೆ ಹೇಳಿ ಅಜ್ಜಾ" ಅಂದ. ಅಜ್ಜ ಸ್ವಲ್ಪ ಯೋಚ್ನೆ ಮಾಡಿ, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗೋದು ದಿನಾ ಎರಡು, ಎರಡು ವರ್ಷದಿಂದ, ಅದನ್ನ ಹೇಳ್ಬೇಕಾ ಸಾರ್ ಅಂದ್ರು. ನೋವಿನ ಮಾತ್ರೆ! ಕಿಡ್ನಿಗೆ ಅದೇ ಹೊಡೀತಾ ಇರ್ಬಹುದು, ನಾವು ಅಡ್ಮಿಷನ್ ದಿನ "ಬೇರೆ ಮಾತ್ರೆ ತಗೋತೀರಾ" ಅಂತ ಕೇಳಿ "ಇಲ್ಲ" ಅಂತ ಬರ್ಕೊಂಡಿದೀವಿ. ಅಜ್ಜನ ಲೆಕ್ಕದಲ್ಲಿ ಡಾಕ್ಟ್ರು ಬರೆದುಕೊಟ್ಟಿದ್ದು ಮಾತ್ರ ಮಾತ್ರೆ.

ನಿಲ್ಲಿಸೋಕೆ ಹೇಳಿ, ಮನೇಲಿ ಮಗಳಿಗೆ ಹೇಗೆ ಹೇಳ್ತೀರ ಅಂತ ಕೇಳಿದ. ಮೊದಲ ಸಲ ಅಜ್ಜ ತಪ್ಪು ಹೇಳಿದ್ರು, ಎರಡನೇ ಸಲ ಸರಿ ಹೇಳಿದ್ರು. ಹೊರಗೆ ಬಂದು ಹುಡುಗ ಕೇಳಿದ್ದು "ಸಾರ್, ಹಳೇ ಕೇಸ್‌ಶೀಟಲ್ಲಿ ಬೇರೆ ಮಾತ್ರೆ ಇಲ್ಲ ಅಂತ ನಾನೇ ಬರೆದಿದೀನಿ, ಈಗ ಏನ್ ಮಾಡ್ಲಿ?"

ಹಳೇಸ್ಟೆತ್:
ಅದರ ಮೇಲೆ ಒಂದು ಗೆರೆ ಎಳೆದು ಇವತ್ತಿನ ತಾರೀಖು ಹಾಕಿ ಸೈನ್ ಮಾಡ್ಲಿ. ಹಳೇದು ಓದೋಕೆ ಕಾಣ್ತಿರ್ಬೇಕು. ಅಂದಹಾಗೆ ಆ "ಇನ್ನೇನಿದೆ" ನಾನೂ ನೋಡ್ತೀನಿ, ಸೋಮವಾರ ಬೇಡ, ಸೋಮವಾರ ರಶ್ಶು.