ಮನೆಯಲ್ಲೇ ರೇಸ್ ಕಾರ್ ಫ್ರೇಮ್ ನೆಟ್ಟಗಿದೆಯಾ ಅಂತ ನೋಡೋದು ಹೇಗೆ?

ಎ_ಆರ್ಮ್: ಫಾರ್ಮುಲಾ ಭಾರತ್‌ಗೆ (ಕಾಲೇಜು ತಂಡಗಳ ರೇಸ್ ಕಾರ್ ಸ್ಪರ್ಧೆ) ಅಂತ ಕಟ್ಟಿದ ಸ್ಟೂಡೆಂಟ್ ಕಾರು, ಸ್ಟೀಲ್ ಪೈಪಿನ ಫ್ರೇಮ್. ಮುಂದಿನ ಎಡ ಚಕ್ರ ಗೋಡೆಗೆ ಬಡಿದಿದೆ. ಎ-ಆರ್ಮ್ (ಚಕ್ರವನ್ನ ಫ್ರೇಮಿಗೆ ಹಿಡಿಯೋ ತೋಳು), ಅಪ್‌ರೈಟ್ (ಚಕ್ರದ ಹಬ್ ಕೂರೋ ತುಂಡು) ಎರಡೂ ಹೊಸದು ಹಾಕಿದ್ರೂ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) ಎಡಕ್ಕೂ ಬಲಕ್ಕೂ 1 ಡಿಗ್ರಿ ವ್ಯತ್ಯಾಸ. ಸರ್ಫೇಸ್ ಟೇಬಲ್ (ಅಳತೆಗೆ ಅಂತ ಸಮತಟ್ಟು ಮಾಡಿದ ಮೇಜು) ಇಲ್ಲ, ಇರೋದು ಸಿಮೆಂಟ್ ನೆಲ. ಬಾಗಿರೋದು ಫ್ರೇಮಾ, ಬ್ರ್ಯಾಕೆಟ್ಟಾ?

ಮೇನ್‌ಹೂಪ್: ಮೊದಲು ಟ್ವಿಸ್ಟ್ ನೋಡಿ. ಎಲ್ಲ ಬಿಚ್ಚಿ ಬರೀ ಫ್ರೇಮನ್ನ ಮೂರೇ ಆಸರೆ ಮೇಲೆ ಇಡಿ: ಹಿಂದೆ ಎರಡು, ಮುಂದೆ ನಡುವೆ ಒಂದು. ನಾಲ್ಕು ಸ್ಟ್ಯಾಂಡ್ ಕೊಟ್ರೆ ನೆಲದ ಏರುತಗ್ಗೇ ಫ್ರೇಮನ್ನ ತಿರುಚುತ್ತೆ. ಪೆಟ್ಟು ಬಿದ್ದಿರೋದು ಮುಂದೆ, ಹಾಗಾಗಿ ಹಿಂಭಾಗವೇ ಆಧಾರ. ಹಿಂದಿನ ಎಡ-ಬಲ ಬೋಲ್ಟ್ ತೂತುಗಳನ್ನ ಶಿಮ್ (ತೆಳು ತಗಡು) ಹಾಕಿ ಒಂದೇ ಮಟ್ಟಕ್ಕೆ ತಂದು, ಆಮೇಲೆ ಮುಂದಿನ ಜೋಡಿ ನೋಡಿ. ರಸಮಟ್ಟಕ್ಕಿಂತ ಗಾರೆಯವರ ನೀರಿನ ಪೈಪೇ ಇದಕ್ಕೆ ವಾಸಿ. ಪೈಪಿನೊಳಗೆ ಒಂದು ಗುಳ್ಳೆ ಉಳಿದ್ರೂ ಮಟ್ಟ ಸುಳ್ಳಾಗುತ್ತೆ.

ತೂಗುಗುಂಡು: ಇನ್ನು ಕರ್ಣ. ನಾಲ್ಕೂ ಪಿಕಪ್ ಪಾಯಿಂಟ್‌ನಿಂದ (ಎ-ಆರ್ಮ್ ಫ್ರೇಮಿಗೆ ಕೂರೋ ಜಾಗ) ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಿ. ಗಾಳಿಗೆ ಆಡಬಾರದು, ಫ್ಯಾನ್ ಆಫ್ ಮಾಡಿ. ಇಲ್ಲಿ ನೆಲ 2 ಮಿ.ಮೀ. ತಗ್ಗಿದ್ರೂ ಚಿಂತೆ ಇಲ್ಲ, 1,700 ಮಿ.ಮೀ. ಅಳತೆಯಲ್ಲಿ ಅದು ಕಾಣೋದೇ ಇಲ್ಲ. ಆದ್ರೆ ಟೇಪಿನ ತುದಿ ಕೊಕ್ಕೆ ನಂಬಬೇಡಿ, ಅದು ಅಲ್ಲಾಡುತ್ತೆ. 100ರ ಗೆರೆಯಿಂದ ಅಳೆಯಿರಿ. ಇನ್ನೂ ಒಳ್ಳೇದು, ಅಲ್ಯೂಮಿನಿಯಂ ಚೌಕ ಪೈಪಿಗೆ ಎರಡು ಚೂಪು ಮೊನೆ ಕಟ್ಟಿ, ಒಂದು ಕರ್ಣಕ್ಕೆ ಕೂರಿಸಿ, ಹಾಗೇ ಎತ್ತಿ ಇನ್ನೊಂದಕ್ಕೆ ಇಡಿ. ಓದುವ ತಪ್ಪೇ ಇರಲ್ಲ.

ಉದ್ದ 1,600, ಅಗಲ 600 ಇದ್ರೆ ಮುಂಭಾಗ 3 ಮಿ.ಮೀ. ಪಕ್ಕಕ್ಕೆ ಸರಿದಾಗ ಕರ್ಣಗಳ ವ್ಯತ್ಯಾಸ ಸುಮಾರು 2 ಮಿ.ಮೀ. ಮಾತ್ರ. 1 ಮಿ.ಮೀ. ಒಳಗಿದ್ರೆ ಅದು ಗುರುತು ಹಾಕಿದ ತಪ್ಪೂ ಆಗಿರಬಹುದು, ವೆಲ್ಡಿಂಗ್‌ನಲ್ಲಿ ಮೊದಲೇ ಎಳೆದದ್ದೂ ಆಗಿರಬಹುದು.

ಮೇನ್‌ಹೂಪ್: ಒಪ್ಪಿದೆ. ಆದ್ರೆ ನೆಲದ ಕರ್ಣ ಟ್ವಿಸ್ಟನ್ನ ಹೆಚ್ಚುಕಮ್ಮಿ ಮುಚ್ಚಿಹಾಕುತ್ತೆ, ಎರಡೂ ಪರೀಕ್ಷೆ ಬೇಕೇ ಬೇಕು.

ಕ್ಯಾಸ್ಟರ್_ಕ್ಯಾಂಬರ್: ನಿಮ್ಮ 1 ಡಿಗ್ರಿಯಲ್ಲೇ ಸುಳಿವಿದೆ. ಮೇಲಿನ-ಕೆಳಗಿನ ಬಾಲ್ ಜಾಯಿಂಟ್ ನಡುವೆ 200 ಮಿ.ಮೀ. ಇದ್ರೆ 1 ಡಿಗ್ರಿ ಅಂದ್ರೆ ಒಂದು ಇನ್ನೊಂದಕ್ಕಿಂತ ಸುಮಾರು 3.5 ಮಿ.ಮೀ. ಹಿಂದೆ-ಮುಂದೆ ಸರಿದಿದೆ. ಎರಡೂ ಒಟ್ಟಿಗೆ ಹಿಂದೆ ಸರಿದಿದ್ರೆ ವೀಲ್‌ಬೇಸ್ ಕಮ್ಮಿಯಾಗುತ್ತಿತ್ತು, ಕ್ಯಾಸ್ಟರ್ ಬದಲಾಗ್ತಿರಲಿಲ್ಲ. ಮೊದಲು ಎರಡೂ ಕಡೆ ರಾಡ್ ಎಂಡ್ (ತೋಳಿನ ತುದಿಗೆ ತಿರುಗಿಸಿ ಕೂರಿಸೋ ಕೀಲು) ಅಷ್ಟೇ ಸುತ್ತು ಒಳಗಿವೆಯಾ ನೋಡಿ. ಆಮೇಲೆ ಮೇನ್ ಹೂಪ್ (ಡ್ರೈವರ್ ಹಿಂದಿನ ಕಮಾನು ಪೈಪ್) ಬುಡದಿಂದ ಮೇಲಿನ ಬ್ರ್ಯಾಕೆಟ್ಟಿಗೂ ಕೆಳಗಿನದಕ್ಕೂ ಬೇರೆಬೇರೆ ಅಳೆದು, ಎಡ-ಬಲ ಹೋಲಿಸಿ.

ವ್ಯತ್ಯಾಸ ಸಿಕ್ಕಿದ ಕಡೆ ಹೊಸ ಬೋಲ್ಟನ್ನ ಕೈಯಲ್ಲೇ ತೂರಿಸಿ. ಬ್ರ್ಯಾಕೆಟ್ಟಿನ ಎರಡೂ ಕಿವಿಯಲ್ಲಿ ಸಲೀಸಾಗಿ ಹೋಗದಿದ್ರೆ ಬಾಗಿರೋದು ಬ್ರ್ಯಾಕೆಟ್ಟು. ಹೋದ್ರೆ ಪಕ್ಕದ ಪೈಪಿನ ಉದ್ದಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ತಗಡು) ಹಾಕಿ. ಪೈಪಿನ ಸುತ್ತ ನಾಲ್ಕು ಕಡೆಯೂ ನೋಡಬೇಕು. ಜಾಯಿಂಟ್ ಹತ್ತಿರ ಪೇಂಟ್ ಕೂದಲೆಳೆಯಷ್ಟು ಬಿರಿದಿದ್ರೂ ಅಲ್ಲಿ ಪೇಂಟ್ ಕೆರೆದು ಡೈ ಪೆನೆಟ್ರೆಂಟ್ (ಬಿರುಕು ತೋರಿಸೋ ಬಣ್ಣದ ದ್ರವ) ಹೊಡೆಯಿರಿ.

ಬಾಗಿದ ಪೈಪನ್ನ ಕಾಯಿಸಿ ಬಡಿದು ನೆಟ್ಟಗೆ ಮಾಡಬೇಡಿ, ದಯವಿಟ್ಟು. ಅದು ಡ್ರೈವರ್ ಕಾಲು ಕಾಯೋ ಜಾಗ. ಕತ್ತರಿಸಿ ಅದೇ ಅಳತೆಯ ಹೊಸ ಪೈಪ್ ಕೂರಿಸಿ. ಕತ್ತರಿಸೋ ಮೊದಲು ಬಲಗಡೆಯ ಅಳತೆ ಹಿಡಿದು ಒಂದು ಜಿಗ್ (ತುಂಡುಗಳನ್ನ ಸರಿಯಾದ ಜಾಗದಲ್ಲಿ ಹಿಡಿಯೋ ಚೌಕಟ್ಟು) ಕಟ್ಟಿಕೊಳ್ಳಿ.