ಶಾಲೆಯ ಟೆಸ್ಟ್ ಫಲಿತಾಂಶ 68ರಿಂದ 57ಕ್ಕೆ ಇಳಿದಿದೆ, ಮಗನ ಶಾಲೆ ಬದಲಾಯಿಸಬೇಕಾ?

ಪ್ರಶ್ನೆ: ಮೂರನೇ ಕ್ಲಾಸಿನ ಅಮ್ಮ

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಸ್ವಲ್ಪ ಹೇಳಿ. ಮಗ ಇಲ್ಲಿನ ಪಬ್ಲಿಕ್ ಶಾಲೆಯಲ್ಲಿ ಮೂರನೇ ಕ್ಲಾಸ್ ಮುಗಿಸಿದ. ರಾಜ್ಯದ ಪರೀಕ್ಷೆಯ ಫಲಿತಾಂಶ ಬಂದಿದೆ. ಅವನ ಶಾಲೆಯಲ್ಲಿ ಹೋದ ವರ್ಷ ಮೂರನೇ ಕ್ಲಾಸಿನ 68% ಮಕ್ಕಳು ಓದಿನಲ್ಲಿ ‘ಪ್ರೊಫಿಷಿಯೆಂಟ್’ (ಅಂದರೆ ರಾಜ್ಯ ಗೊತ್ತುಮಾಡಿದ ಮಟ್ಟ ಮುಟ್ಟಿದವರು) ಇದ್ದರು, ಈ ವರ್ಷ 57%. ಗಣಿತದಲ್ಲೂ ಇಳಿದಿದೆ. ಮಗನ ರಿಪೋರ್ಟಿನಲ್ಲಿ ಓದು 58 ಪರ್ಸೆಂಟೈಲ್, ಗಣಿತ 71. ನಮ್ಮ ಕಾಲದಲ್ಲಿ 58 ಅಂದರೆ ಸೆಕೆಂಡ್ ಕ್ಲಾಸು, ಫಸ್ಟ್ ಕ್ಲಾಸೂ ಇಲ್ಲ! ಯಜಮಾನರು ರೇಟಿಂಗ್ ಜಾಸ್ತಿ ಇರುವ ಶಾಲೆಯ ಹತ್ತಿರ ಮನೆ ಹುಡುಕೋಣ ಅಂತಿದ್ದಾರೆ. ಆದರೆ ಮಗನಿಗೆ ಈ ಶಾಲೆ ಅಂದರೆ ಪ್ರಾಣ, ಟೀಚರೂ ಒಳ್ಳೆಯವರು. ಇನ್ನೊಂದು ವಿಷಯ. ಅವನು ಗಟ್ಟಿಯಾಗಿ ಪಟಪಟ ಅಂತ ಓದುತ್ತಾನೆ, ಏನು ಓದಿದೆ ಅಂತ ಕೇಳಿದರೆ ಮುಖ ನೋಡುತ್ತಾನೆ. ಏನು ಮಾಡಲಿ?

ಉತ್ತರ: ಎರಡು ಮಕ್ಕಳ ಅಪ್ಪ

ಮೊದಲು ಆ 58ರ ಚಿಂತೆ ಬಿಡಿ. ಅದು ನೂರಕ್ಕೆ ಬಂದ ಅಂಕ ಅಲ್ಲ. ಇದೇ ಪರೀಕ್ಷೆ ಬರೆದ ಮೂರನೇ ಕ್ಲಾಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 58 ಮಕ್ಕಳಿಗಿಂತ ಮುಂದಿದ್ದಾನೆ ಅಂತ ಅರ್ಥ. 50 ಅಂದರೆ ಸರಿಯಾಗಿ ಮಧ್ಯ. ನಮ್ಮವರಲ್ಲಿ ಈ ಗೊಂದಲ ತುಂಬಾ ಇದೆ, ಪಾಪ ಮಕ್ಕಳು ಸುಮ್ನೆ ಬೈಸಿಕೊಳ್ಳುತ್ತವೆ.

ಉತ್ತರ: ಲೆಕ್ಕದ ಮೇಡಂ

ನಾನು ಇಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಶಾಲೆಯ ಅಂಕಿ ಬಗ್ಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಹೋದ ವರ್ಷದ ಮೂರನೇ ಕ್ಲಾಸಿನ ಮಕ್ಕಳೇ ಬೇರೆ, ಈ ವರ್ಷದವರೇ ಬೇರೆ. ಕ್ಲಾಸಿನಲ್ಲಿ 60 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. 68% ಅಂದರೆ 41 ಮಕ್ಕಳು, 57% ಅಂದರೆ 34. ವ್ಯತ್ಯಾಸ ಬರೀ ಏಳು ಮಕ್ಕಳು! ಅದರಲ್ಲಿ ಮೂರು ನಾಲ್ಕು ಮಕ್ಕಳು ಒಂದೆರಡು ಪ್ರಶ್ನೆಯಲ್ಲಿ ಗೆರೆ ದಾಟದೆ ಉಳಿದಿರಬಹುದು. ಗೆರೆಯ ಸ್ವಲ್ಪ ಕೆಳಗಿದ್ದವನೂ ತೀರಾ ಹಿಂದೆ ಬಿದ್ದವನೂ ಈ ಲೆಕ್ಕದಲ್ಲಿ ಒಂದೇ. ಕನಿಷ್ಠ ಮೂರು ವರ್ಷದ ಅಂಕಿ ಒಟ್ಟಿಗೆ ನೋಡದೆ ಶಾಲೆ ಕೆಟ್ಟಿತು ಅನ್ನಬೇಡಿ.

ಎರಡನೆಯದು ನನಗೆ ಇನ್ನೂ ಮುಖ್ಯ. ಸರಾಸರಿ ಸ್ಕೋರು ಹೆಚ್ಚಾಗಿ ಮನೆಯ ಆದಾಯ, ಅಪ್ಪ ಅಮ್ಮನ ಓದು ಇವನ್ನೇ ತೋರಿಸುತ್ತದೆ. ಶಾಲೆ ಎಷ್ಟು ಕಲಿಸಿತು ಅಂತ ತಿಳಿಯಬೇಕಾದರೆ ಅದೇ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು ಅಂತ ನೋಡಬೇಕು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಷಾನ್ ರಿಯರ್ಡನ್ ದೇಶದ ಎಲ್ಲ ಕಡೆಯ ಅಂಕಿಗಳನ್ನು ಕೂಡಿಸಿ ಇದನ್ನೇ ತೋರಿಸಿದರು. ಶಿಕಾಗೋದ ಮಕ್ಕಳು ಮೂರನೇ ಕ್ಲಾಸಿನಲ್ಲಿ ದೇಶದ ಸರಾಸರಿಗಿಂತ ಹಿಂದಿದ್ದರು, ಆದರೆ ಮುಂದಿನ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತರು. ಬರೀ ಸರಾಸರಿ ನೋಡಿ ಮನೆ ಹುಡುಕುವವರಿಗೆ ಇದು ಕಾಣೋದೇ ಇಲ್ಲ.

ರಾಜ್ಯದ ಪರೀಕ್ಷೆ ಶುರುವಾಗೋದೇ ಮೂರನೇ ಕ್ಲಾಸಿನಲ್ಲಿ, ಹಾಗಾಗಿ ಅಲ್ಲಿ ಬೆಳವಣಿಗೆ ಅಳೆಯಲು ಹಿಂದಿನ ವರ್ಷದ ಸ್ಕೋರು ಇರುವುದಿಲ್ಲ. ನೀವು 4 ಮತ್ತು 5ನೇ ಕ್ಲಾಸಿನ ‘ಗ್ರೋತ್’ (ಬೆಳವಣಿಗೆ) ಅಂಕಿ ಕೇಳಿ.

ಉತ್ತರ: ಬೆಂಚ್ ನಂಬರ್ ಒಂದು

ಈ ಪರೀಕ್ಷೆಗಳೆಲ್ಲ ದುಡ್ಡು ಮಾಡುವ ದಂಧೆ. ಒಂಬತ್ತು ವರ್ಷದ ಮಗುವನ್ನು ಕಂಪ್ಯೂಟರ್ ಮುಂದೆ ಕೂರಿಸಿ ಏನು ಅಳೆಯುತ್ತಾರೆ? ಮೂರರಲ್ಲಿ ಎರಡು ಅಮೆರಿಕನ್ ಮಕ್ಕಳಿಗೆ ಓದಲು ಬರಲ್ಲ ಅಂತ ಪೇಪರಿನಲ್ಲೇ ಬರೆಯುತ್ತಾರೆ, ಆದರೂ ಏನೂ ಬದಲಾಗಿಲ್ಲ.

ಉತ್ತರ: ಲೆಕ್ಕದ ಮೇಡಂ

ಇಲ್ಲ, ಇದನ್ನು ಒಪ್ಪಲ್ಲ. ಆ ಮೂರರಲ್ಲಿ ಎರಡು ಎಂಬುದು ನೇಪ್ ಎಂಬ ರಾಷ್ಟ್ರೀಯ ಪರೀಕ್ಷೆಯಿಂದ ಬಂದದ್ದು. 2024ರಲ್ಲಿ ನಾಲ್ಕನೇ ಕ್ಲಾಸಿನ 31% ಮಕ್ಕಳು ಓದಿನಲ್ಲಿ ಅದರ ‘ಪ್ರೊಫಿಷಿಯೆಂಟ್’ ಮಟ್ಟ ಮುಟ್ಟಿದರು. ಆ ಮಟ್ಟ ಕ್ಲಾಸಿಗೆ ತಕ್ಕ ಓದಿಗಿಂತ ಮೇಲಿನದು. ಮುಟ್ಟದವರಿಗೆ ಓದಲು ಬರಲ್ಲ ಅನ್ನುವುದು ತಪ್ಪು. ಏನೂ ಬದಲಾಗಿಲ್ಲ ಅನ್ನುವುದೂ ತಪ್ಪು. ಮಿಸಿಸಿಪ್ಪಿ ನೋಡಿ, ದೇಶದ ತೀರಾ ಬಡ ರಾಜ್ಯಗಳಲ್ಲಿ ಒಂದು. 2013ರಲ್ಲಿ ಕಾನೂನು ಮಾಡಿ, ಅಕ್ಷರ ಮತ್ತು ಧ್ವನಿ ಜೋಡಿಸಿ ಓದಿಸುವುದನ್ನು ಟೀಚರ್‌ಗಳಿಗೆ ಕಲಿಸಿ, ಹಿಂದುಳಿದ ಶಾಲೆಗಳಿಗೆ ಟೀಚರ್‌ಗಳಿಗೆ ನೆರವಾಗುವ ಓದಿನ ಕೋಚ್ ಕಳಿಸಿದರು. ಮೂರನೇ ಕ್ಲಾಸಿನಲ್ಲಿ ಓದಲು ಬಾರದವರನ್ನು ಅಲ್ಲೇ ಉಳಿಸಿಕೊಳ್ಳುವ ನಿಯಮವೂ ಇತ್ತು, ಅದರ ಬಗ್ಗೆ ಜಗಳ ಇನ್ನೂ ಇದೆ. ಆದರೆ ಪಟ್ಟಿಯ ಕೊನೆಯಲ್ಲಿದ್ದ ರಾಜ್ಯ ನಾಲ್ಕನೇ ಕ್ಲಾಸಿನ ಓದಿನಲ್ಲಿ 2019ರ ಹೊತ್ತಿಗೆ ರಾಷ್ಟ್ರೀಯ ಸರಾಸರಿ ಮುಟ್ಟಿತು. ಪರೀಕ್ಷೆಯೇ ಇಲ್ಲದಿದ್ದರೆ ಬಡ ಮಕ್ಕಳು ಎಲ್ಲಿ ಸೋಲುತ್ತಿದ್ದಾರೆ ಅಂತ ಯಾರೂ ಕೇಳುತ್ತಲೂ ಇರಲಿಲ್ಲ.

ಮೂರನೇ ಕ್ಲಾಸಿನ ಅಮ್ಮ

ತುಂಬಾ ಥ್ಯಾಂಕ್ಸ್ ಮೇಡಂ. ಮಗನ ಓದಿನ ಬಗ್ಗೆಯೂ ಹೇಳ್ತೀರಾ? ಗಣಿತದಲ್ಲೂ ಬರೀ ಲೆಕ್ಕ ಕೊಟ್ಟರೆ ಮಾಡುತ್ತಾನೆ, ವಾಕ್ಯದಲ್ಲಿ ಕೊಟ್ಟರೆ ಎಡವುತ್ತಾನೆ.

ಉತ್ತರ: ಲೆಕ್ಕದ ಮೇಡಂ

ಎರಡೂ ಒಂದೇ ತೊಂದರೆ ಇರಬಹುದು. 1980ರ ದಶಕದ ಶುರುವಿನಲ್ಲಿ ಇದೇ ನೇಪ್‌ನಲ್ಲಿ 13 ವರ್ಷದವರಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. 1128 ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ ಬೇಕು? ಸುಮಾರು 70% ಮಕ್ಕಳು ಭಾಗಾಕಾರ ಸರಿಯಾಗಿಯೇ ಮಾಡಿದರು. ಆದರೆ 32 ಅಂತ ಬರೆದವರು ಒಟ್ಟು ಮಕ್ಕಳಲ್ಲಿ ಸುಮಾರು ಕಾಲು ಭಾಗ ಮಾತ್ರ. ಎಷ್ಟೋ ಜನ ‘31, ಶೇಷ 12’ ಅಂತ ಬರೆದು ಮುಗಿಸಿದರು. ಆ 12 ಸೈನಿಕರು ರಸ್ತೆಯಲ್ಲೇ ನಿಂತರು ಅಂತ ಅವರಿಗೆ ಹೊಳೆಯಲೇ ಇಲ್ಲ. ಲೆಕ್ಕ ಬರುತ್ತಿತ್ತು, ಕತೆ ಕಣ್ಣಿಗೆ ಕಟ್ಟಿರಲಿಲ್ಲ.

ಓದಿದ್ದು ಅರ್ಥ ಆಗಲು ವಿಷಯ ಸ್ವಲ್ಪ ಮೊದಲೇ ಗೊತ್ತಿರಬೇಕು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ತುಣುಕು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದವರು, ಚೆನ್ನಾಗಿ ಓದಿಯೂ ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟು ಹೇಳಿದರು. ಹಾಗಾಗಿ ಪ್ರಾಕ್ಟೀಸ್ ಟೆಸ್ಟ್ ತಂದು ತುಂಬಬೇಡಿ. ಪ್ರಾಣಿ, ಗ್ರಹ, ಯಂತ್ರ, ಇತಿಹಾಸ, ಅವನಿಗೆ ಯಾವುದು ಇಷ್ಟವೋ ಅದರ ಬಗ್ಗೆ ನಾಲ್ಕೈದು ಪುಸ್ತಕ ಒಟ್ಟಿಗೆ ತಂದು ಜೊತೆಗೆ ಕೂತು ಓದಿ, ನಡುನಡುವೆ ಮಾತಾಡಿ. ಕನ್ನಡದಲ್ಲಿ ಮಾತಾಡಿದರೂ ಸರಿ, ತಿಳಿದ ವಿಷಯ ಯಾವ ಭಾಷೆಯಲ್ಲಿ ಓದುವಾಗಲೂ ಕೈಹಿಡಿಯುತ್ತದೆ.

ಟೀಚರನ್ನು ಭೇಟಿ ಮಾಡಿದಾಗ ಒಟ್ಟು ಸ್ಕೋರ್ ಬಿಟ್ಟು, ಕತೆಯ ಓದು, ಮಾಹಿತಿಯ ಓದು, ಶಬ್ದಸಂಪತ್ತು, ಇವು ರಿಪೋರ್ಟಿನಲ್ಲಿ ಬೇರೆ ಬೇರೆ ಇದ್ದರೆ ಅದನ್ನು ಕೇಳಿ. ಯಾವುದು ಕಡಿಮೆ ಇದೆ ಅಂತ ಇಲ್ಲಿ ಬರೆಯಿರಿ, ಆಮೇಲೆ ಪುಸ್ತಕಗಳ ಹೆಸರು ಹೇಳುತ್ತೇನೆ.