ಮೂಳೆ ಕೂಡಿಸಿದರು, ಕಾಲು ಯಾಕೆ ಏಳುತ್ತಿಲ್ಲ?

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಬೆಳೆಗಾರರು): ನಮಸ್ಕಾರ ಮೇಡಂ. ನಮ್ಮ ತೋಟಕ್ಕೆ ಬರುವ ಕೊನೆಗೌಡರು (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು) ಮಳೆಗಾಲದಲ್ಲಿ ಮದ್ದು ಹೊಡೆಯಲು ಹತ್ತಿದಾಗ ಮರದಿಂದ ಜಾರಿ ಬಿದ್ದರು. ವಯಸ್ಸು 34. ಬೆನ್ನುಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿದ್ದಾರೆ. ಎರಡು ತಿಂಗಳಾಯಿತು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂತಿದೆ ಅಂತಾರೆ. ಆದರೆ ಹೊಕ್ಕುಳಿನಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ, ಕಾಲು ಆಡುವುದಿಲ್ಲ. ಮೂಳೆ ಸರಿಯಾದ ಮೇಲೂ ಹೀಗ್ಯಾಕೆ? ಇನ್ನೊಂದು ಗೊಂದಲ. ಸ್ಕ್ಯಾನ್ ರಿಪೋರ್ಟಿನಲ್ಲಿ ಮುರಿದದ್ದು ಡಿ8 ಅಂತಿದೆ, ಡಿಸ್ಚಾರ್ಜ್ ಚೀಟಿಯಲ್ಲಿ ಟಿ10 ಅಂತಿದೆ. ಯಾರು ತಪ್ಪು ಬರೆದದ್ದು?

ಡಾಕ್ಟರ್ (ಪುನರ್ವಸತಿ ವಿಭಾಗ): ಇಬ್ಬರೂ ಸರಿಯಾಗಿಯೇ ಬರೆದಿದ್ದಾರೆ.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆಗಳು ಒಂದರ ಮೇಲೊಂದು ಕೂತು ಒಳಗೆ ಒಂದು ಓಣಿ ಮಾಡಿಕೊಂಡಿವೆ. ಆ ಓಣಿಯಲ್ಲಿ ಮಿದುಳಿನಿಂದ ಇಳಿದು ಬರುವುದು ಹುರಿ. ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂ.ಮೀ. ಉದ್ದ, ತೂಕ 35 ಗ್ರಾಂ ಆಸುಪಾಸು. ಕಾಲಿಗೆ ಹೋಗುವ ಅಪ್ಪಣೆ, ಕಾಲಿನಿಂದ ಬರುವ ಸುದ್ದಿ ಎಲ್ಲ ಅದರೊಳಗೇ ಓಡಾಡಬೇಕು. ಆಪರೇಷನ್ನಿನಲ್ಲಿ ಗಟ್ಟಿ ಮಾಡಿದ್ದು ಮೂಳೆಯನ್ನು. ಹುರಿಯ ಮೇಲೆ ಬಿದ್ದ ಒತ್ತಡ ತೆಗೆಯುತ್ತೇವೆ, ರೋಗಿ ಬೇಗ ಎದ್ದು ಕೂರುವ ಹಾಗೆ ಮಾಡುತ್ತೇವೆ. ಜಜ್ಜಿಹೋದ ಹುರಿಯನ್ನು ಹೊಲಿದು ಕೂಡಿಸಲು ನಮಗೆ ಬರುವುದಿಲ್ಲ. ‘ಆಪರೇಷನ್ ಸಕ್ಸಸ್’ ಅಂತ ಹೇಳಿ ಹೊರಟುಬಿಡುತ್ತೇವಲ್ಲ, ಅದು ನಮ್ಮವರದೇ ತಪ್ಪು. ಮನೆಯವರು ಕಾಲು ಬಂತು ಅಂದುಕೊಳ್ಳುತ್ತಾರೆ.

ಈಗ ಎಂಟು, ಹತ್ತರ ವಿಷಯ. ಡಿ, ಟಿ ಎರಡೂ ಎದೆ ಭಾಗಕ್ಕೇ ಹೇಳುವುದು. ಹುರಿಯಿಂದ 31 ಜೋಡಿ ನರಗಳು ಹೊರಡುತ್ತವೆ. ಹೆಚ್ಚುಕಡಿಮೆ ಒಂದೊಂದು ಜೋಡಿಗೂ ಮೈಮೇಲೆ ಸ್ಪರ್ಶದ ಒಂದೊಂದು ಪಟ್ಟಿ. ಎದೆ ಭಾಗದ ನಾಲ್ಕನೆಯದು ಮೊಲೆತೊಟ್ಟಿನ ಮಟ್ಟ, ಹತ್ತನೆಯದು ಹೊಕ್ಕುಳಿನ ಮಟ್ಟ. ಹೊಟ್ಟೆಯಲ್ಲಿ ಮಗುವಾಗಿದ್ದಾಗಿನಿಂದಲೇ ಮೂಳೆ ಹುರಿಗಿಂತ ಜಾಸ್ತಿ ಬೆಳೆಯುತ್ತದೆ, ಹುರಿ ಮೇಲೆಯೇ ಉಳಿಯುತ್ತದೆ. ಹಾಗಾಗಿ ಹತ್ತನೇ ನರದ ಬುಡ ಎಂಟನೇ ಮೂಳೆಯ ಹತ್ತಿರ ಇರುತ್ತದೆ. ಅಲ್ಲಿಂದ ಇಳಿದು ಹತ್ತನೇ ಮೂಳೆಯ ಕೆಳಗೆ ಹೊರಗೆ ಬರುತ್ತದೆ. ಮುರಿದದ್ದು ಎಂಟು, ಪೆಟ್ಟಾದದ್ದು ಹತ್ತು.

ಕೈಗಳ ನರ ಹೊರಡುವುದು ಹೆಚ್ಚಾಗಿ ಕುತ್ತಿಗೆಯಲ್ಲಿ. ಅದಕ್ಕೇ ಅವರ ಕೈ ಚೆನ್ನಾಗಿದೆ. ಉಸಿರಾಟಕ್ಕೆ ಮುಖ್ಯವಾದ ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ನರ ಇನ್ನೂ ಮೇಲಿನದು, ಕುತ್ತಿಗೆಯ 3, 4, 5ನೇ ಜೋಡಿ. ಪೆಟ್ಟು ಅಲ್ಲಿಗೆ ಬಿದ್ದಿದ್ದರೆ ಕಥೆಯೇ ಬೇರೆ.

ಅಡಿಕೆ ಬೆಳೆಗಾರರು: ಕಳೆದ ವಾರದಿಂದ ಹೊದಿಕೆ ಎಳೆದಾಗ ಕಾಲು ತಾನಾಗಿ ಜಗ್ಗುತ್ತದೆ. ಮನೆಯವರಿಗೆಲ್ಲ ಖುಷಿ. ಚೀಟಿಯಲ್ಲಿ ‘ಎ ಗ್ರೇಡ್’ ಅಂತಲೂ ಇದೆ. ಒಳ್ಳೆಯ ಲಕ್ಷಣ ಅಲ್ವಾ?

ಡಾಕ್ಟರ್: ಇದಕ್ಕೆ ಉತ್ತರ ಬರೆಯಲು ನನಗೂ ಕಷ್ಟವೇ. ಹುರಿಯ ಪೆಟ್ಟು ಅಳೆಯುವ ಗ್ರೇಡಿನಲ್ಲಿ ಎ ಅಂದರೆ ಪೂರ್ತಿ ಪೆಟ್ಟು, ಇ ಅಂದರೆ ಏನೂ ತೊಂದರೆ ಇಲ್ಲ. ಶಾಲೆಯ ಗ್ರೇಡಿಗೆ ಉಲ್ಟಾ. ಗುದದ್ವಾರದ ಸುತ್ತ ಮುಟ್ಟಿದ್ದಾಗಲಿ, ಒಳಗೆ ಒತ್ತಿದ್ದಾಗಲಿ ಗೊತ್ತಾಗದೆ, ಬಿಗಿ ಹಿಡಿಯಲೂ ಆಗದಿದ್ದರೆ ಎ ಅಂತ ಬರೆಯುತ್ತೇವೆ. ಹುರಿಯ ತುತ್ತತುದಿಯ ನರಗಳು ಅಲ್ಲಿಗೆ ಹೋಗುತ್ತವೆ. ಅಲ್ಲಿಂದ ಸುದ್ದಿ ಬಂದರೆ ಎಲ್ಲೋ ಕೆಲವು ಎಳೆ ಉಳಿದಿವೆ ಅಂತ ಲೆಕ್ಕ.

ಕಾಲು ಜಗ್ಗುವುದು ಹುರಿಯ ಸ್ವಂತ ಕೆಲಸ. ಕಾದ ಕಾವಲಿಗೆ ಬೆರಳು ತಗುಲಿದರೆ ‘ಅಯ್ಯೋ ಸುಟ್ಟಿತು’ ಅನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಸುದ್ದಿ ನರದ ಹಿಂದಿನ ಬೇರಿನಿಂದ ಹುರಿಯೊಳಗೆ ಹೋಗಿ, ಅಲ್ಲೇ ತೀರ್ಮಾನವಾಗಿ, ಮುಂದಿನ ಬೇರಿನಿಂದ ಹೊರಗೆ ಬರುತ್ತದೆ. ಮಿದುಳಿಗೆ ಆಮೇಲೆ ತಿಳಿಯುತ್ತದೆ. ಹುರಿ ಬರೀ ತಂತಿ ಅಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಪೆಟ್ಟು ಬಿದ್ದ ಕೆಲವು ವಾರ ಕೆಳಗಿನ ಹುರಿ ಮಂಕು ಬಡಿದ ಹಾಗಿರುತ್ತದೆ. ಆಮೇಲೆ ಎಚ್ಚರವಾಗುತ್ತದೆ, ಆದರೆ ಅದನ್ನು ತಡೆದು ಹಿಡಿಯುವ ಮಿದುಳಿನ ಮಾತು ಅಲ್ಲಿಗೆ ತಲುಪುವುದಿಲ್ಲ. ಹೊದಿಕೆ ಸರಿದರೂ ಸಾಕು, ಕಾಲು ಜಗ್ಗುತ್ತದೆ.

ಪರೀಕ್ಷೆ ಮಾಡಬೇಕಾದದ್ದು ಹೀಗೆ: ಕಾಲು ಮುಟ್ಟದೆ ‘ಹೆಬ್ಬೆರಳು ಎತ್ತು’ ಅನ್ನಿ. ಹೇಳಿದಾಗಲೆಲ್ಲ ಎತ್ತಿದರೆ ಅವತ್ತೇ ನನಗೆ ಬರೆಯಿರಿ. ಜಗ್ಗುವುದು ಒಮ್ಮೆಲೇ ಜಾಸ್ತಿಯಾದರೂ ಸುಮ್ನೆ ಬಿಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು ಯಾವುದೋ ಒಂದು ಇರಬಹುದು. ನೋವು ಹೇಳಲಾಗದ ಮೈ ಹಾಗೆ ಹೇಳುತ್ತದೆ.

ಇನ್ನೊಬ್ಬ ಮಹಿಳೆ: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಂತೆ. ಇದನ್ನೆಲ್ಲ ಓದಿ ಹೆದರಿಕೆಯಾಯಿತು. ಸೂಜಿ ಹುರಿಗೇ ಚುಚ್ಚಿಬಿಟ್ಟರೆ?

ಡಾಕ್ಟರ್: ಹೆದರಬೇಡಿ ತಾಯಿ. ಮೇಲೆ ಹೇಳಿದೆನಲ್ಲ, ಹುರಿ ಮೂಳೆಗಿಂತ ಗಿಡ್ಡ. ದೊಡ್ಡವರಲ್ಲಿ ಅದು ಸೊಂಟದ ಒಂದನೇ, ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರು-ನಾಲ್ಕರ ನಡುವೆ ಅಥವಾ ನಾಲ್ಕು-ಐದರ ನಡುವೆ. ಅಲ್ಲಿ ನೀರಿನಲ್ಲಿ ತೇಲುವ ಬಿಡಿ ನರಗಳಷ್ಟೇ ಇರುತ್ತವೆ. ನೋಡಲು ಕುದುರೆ ಬಾಲದ ಹಾಗೆ, ಹೆಸರೂ ಅದೇ. ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ.

ಅಡಿಕೆ ಬೆಳೆಗಾರರು: ಕೊನೆಗೌಡರ ತಮ್ಮ ಕೇಳುತ್ತಿದ್ದಾನೆ. ಅವನಿಗೆ ಹೋದ ವರ್ಷ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ) ತಾಗಿ ಬೆರಳಿನ ನರ ತುಂಡಾಗಿತ್ತು, ಹೊಲಿದ ಮೇಲೆ ಕೆಲವು ತಿಂಗಳಲ್ಲಿ ಸ್ಪರ್ಶ ಬಂತು. ಅಣ್ಣನಿಗೆ ಯಾಕೆ ಬರಬಾರದು? ಸ್ಟೆಮ್ ಸೆಲ್ ಚಿಕಿತ್ಸೆ (ಹೊಸ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು ಮೈಗೆ ಕೊಡುವುದು) ಮಾಡಿಸಿ ಅಂತ ಒಬ್ಬರು ಹೇಳಿದ್ದಾರೆ. ಹಸು ಮಾರಲು ಹೊರಟಿದ್ದಾನೆ.

ಡಾಕ್ಟರ್: ಹಸು ಮಾರುವುದು ಬೇಡ ಅಂತ ಇವತ್ತೇ ಹೇಳಿ. ಕೈಕಾಲಿನ ನರ ದಿನಕ್ಕೆ ಒಂದು ಮಿ.ಮೀ.ನಷ್ಟು ಬೆಳೆಯಬಲ್ಲದು. ಹುರಿಯೊಳಗಿನ ಎಳೆ ಹಾಗಲ್ಲ. ಪೆಟ್ಟಾದ ಜಾಗದಲ್ಲಿ ಕಲೆ ಕಟ್ಟುತ್ತದೆ, ಎಳೆಗಳ ಸುತ್ತಲಿನ ಕೊಬ್ಬಿನ ಪದರದಲ್ಲಿರುವ ಪದಾರ್ಥಗಳೂ ಬೆಳವಣಿಗೆಯನ್ನು ತಡೆಯುತ್ತವೆ. ಹುರಿಗೆ ಸ್ಟೆಮ್ ಸೆಲ್ ಕೊಡುವುದು ಇನ್ನೂ ಪ್ರಯೋಗದ ಹಂತದಲ್ಲಿದೆ. ಪ್ರಯೋಗದ ಹೊರಗೆ ಅದನ್ನು ಚಿಕಿತ್ಸೆ ಅಂತ ಮಾಡಬಾರದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಗಾಲಿಕುರ್ಚಿ, ಗಾಳಿ ಹಾಸಿಗೆ, ಬಚ್ಚಲಿಗೆ ಇಳಿಜಾರು ಮಾಡಿಸಿ.

ಅಡಿಕೆ ಬೆಳೆಗಾರರು: ಒಂದು ಮಾತು ಮನಸ್ಸಿನಲ್ಲೇ ಕೊರೆಯುತ್ತಿದೆ ಮೇಡಂ. ಬಿದ್ದಾಗ ನಾವೇ ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ನಾವೇ ಕೆಡಿಸಿದೆವಾ?

ಡಾಕ್ಟರ್: ಅಷ್ಟು ಎತ್ತರದಿಂದ ಬಿದ್ದಾಗ ಹುರಿಗೆ ಆಗುವ ಹಾನಿಯ ಬಹುಪಾಲು ನೆಲಕ್ಕೆ ಬಡಿದ ಕ್ಷಣದಲ್ಲೇ ಆಗಿರುತ್ತದೆ. ನೀವು ಎತ್ತಿದ್ದರಿಂದ ಎಷ್ಟು ಜಾಸ್ತಿಯಾಯಿತು ಅಂತ ಈಗ ಯಾರೂ ಹೇಳಲಾರರು. ಗೊತ್ತಿಲ್ಲದೆ ಮಾಡಿದ್ದನ್ನು ಹೊತ್ತು ತಿರುಗಬೇಡಿ. ಆದರೆ ತೋಟವಿರುವವರೆಲ್ಲ ತಿಳಿದಿರಲಿ. ಬಿದ್ದವರನ್ನು ಕೂರಿಸಬಾರದು, ಬೆನ್ನು ಬಗ್ಗಿಸಬಾರದು, ನೀರು ಕುಡಿಸಬಾರದು. 108ಕ್ಕೆ ಫೋನ್ ಮಾಡಿ, ತಲೆ-ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದಿರಿ. ಆಂಬುಲೆನ್ಸ್ ಬರುವಂತಿಲ್ಲದಿದ್ದರೆ ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ. ಹಲಗೆ ಸಿಗದಿದ್ದರೆ ಬಾಗಿಲು ಕಳಚಿ. ಮದ್ದು ಹೊಡೆಯಲು ನೆಲದಲ್ಲೇ ನಿಂತು ಬಳಸುವ ಉದ್ದನೆಯ ಫೈಬರ್ ಕೋಲು, ದೋಟಿ, ಬಂದಿದೆಯಲ್ಲ, ದುಬಾರಿ ಅಂತ ಗೊಣಗುವವರು ನನ್ನ ವಾರ್ಡಿಗೊಮ್ಮೆ ಬರಲಿ.

ಅಡಿಕೆ ಬೆಳೆಗಾರರು: ಇನ್ನು ಅವರು ಏನು ಕೆಲಸ ಮಾಡಬಹುದು? ಮನೆಯಲ್ಲಿ ಸುಮ್ನೆ ಕೂತು ಹುಚ್ಚು ಹಿಡಿಯುತ್ತಿದೆ ಅಂತಾರೆ.

ಡಾಕ್ಟರ್: ಕೈ ಗಟ್ಟಿ ಇದೆ, ಮರ ಹತ್ತಿದ ತೋಳು. ಹಾಸಿಗೆಯಿಂದ ಕುರ್ಚಿಗೆ ತಾವೇ ದಾಟುವುದನ್ನು ಬೇಗ ಕಲಿಯುತ್ತಾರೆ. ಮೇಜಿನ ಮೇಲೆ ಅಡಿಕೆ ಆರಿಸುವುದು, ತೂಕದ ಲೆಕ್ಕ ಮಾಡಬಹುದು. ಮೆಟ್ಟುಗತ್ತಿ ಬೇಡವೇ ಬೇಡ, ಕಾಲು ಕೊಯ್ದರೂ ಗೊತ್ತಾಗುವುದಿಲ್ಲ. ಅಡಿಕೆ ಬೇಯಿಸುವ ಒಲೆಯ ಹತ್ತಿರವೂ ಕೂರಿಸಬೇಡಿ.

ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕುರ್ಚಿಯಲ್ಲಿ ಕಾಲು ಗಂಟೆಗೊಮ್ಮೆ ಕೈಯೂರಿ ಕುಂಡಿ ಎತ್ತಲಿ. ತೆಳ್ಳನೆಯ ಕೊಳವೆ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಅವರಿಗೇ ಕಲಿಸುತ್ತೇವೆ, ನಾಲ್ಕರಿಂದ ಆರು ಗಂಟೆಗೊಮ್ಮೆ. ಮುಂದಿನ ಸಲ ಬರುವಾಗ ಹಿಡಿಕೆ ಇರುವ ಒಂದು ಕನ್ನಡಿ ತನ್ನಿ. ತಮ್ಮ ಬೆನ್ನು, ಕುಂಡಿ, ಹಿಮ್ಮಡಿಯನ್ನು ದಿನಾ ಬೆಳಿಗ್ಗೆ ಅವರೇ ನೋಡಿಕೊಳ್ಳಬೇಕು.

ಅಡಿಕೆ ಬೆಳೆಗಾರರು: ಆಗಲಿ ಮೇಡಂ. ತಮ್ಮನಿಗೆ ಓದಿ ಹೇಳಿದೆ. ಹಸು ಕೊಟ್ಟಿಗೆಯಲ್ಲೇ ಇದೆ. ಕನ್ನಡಿ ತರುತ್ತೇವೆ.